ಬರ್ನರಿನ ಆಚೆ ಬದಿ

ಬಿ.ಎಸ್ಸಿ. ಕೊನೆಯ ವರ್ಷ ನಾನು ಮೈಕ್ರೋಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ಥಿಯರಿ ಪೇಪರುಗಳೆಲ್ಲ ಪಾಸಾಗಿದ್ದವು. ಹೋಗಿದ್ದು ಪ್ರಾಕ್ಟಿಕಲ್ ಒಂದೇ. ಇದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

"ಬರೆಯೋದ್ರಲ್ಲಿ ಪಾಸು, ಮಾಡೋದ್ರಲ್ಲಿ ಫೇಲು ಅಂದ್ರೆ ಹೆಂಗಮ್ಮ?" ಎಂದು ದೊಡ್ಡಪ್ಪ ಕೇಳಿದರು. "ಎಲ್ಲಾರ್ಗೂ ಉಲ್ಟಾ ಇರತ್ತೆ."

ನಮ್ಮದು ತಿಪ್ಪಸಂದ್ರದ ಕಡೆಯ ಹಳೆಯ ಮನೆತನ. ಹೊಲವಿದ್ದ ಜಾಗದಲ್ಲಿ ಮನೆಗಳೆದ್ದ ಮೇಲೆ ಅಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ದೊಡ್ಡಪ್ಪ ಕೆ.ಆರ್. ಪುರದಲ್ಲಿ, ಹಳೆ ಮದ್ರಾಸ್ ರಸ್ತೆಯ ಮೇಲೆ, ಸಿಮೆಂಟು ಮತ್ತು ಪೇಂಟಿನ ಅಂಗಡಿ ಹಾಕಿದರು. ಆ ಅಂಗಡಿಯ ಒಳಗೆ ಫೋನಿನ ಪಕ್ಕ ಒಂದು ಕುರ್ಚಿ ಖಾಲಿ ಇತ್ತು. ಬಂದ ಫೋನು ಎತ್ತಿ ಎಷ್ಟು ಮೂಟೆ, ಯಾವ ಅಡ್ರೆಸ್ಸು ಎಂದು ಬರೆದುಕೊಳ್ಳಲು ಮನೆಯವರೇ ಬೇಕು ಎಂಬುದು ದೊಡ್ಡಪ್ಪನ ಹಟ. ನಾನು ಫೇಲಾದ ವಾರವೇ ಆ ಕುರ್ಚಿಗೆ ಹೊಸ ದಿಂಬು ಬಂತು.

ಇಂದಿರಾನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನವರು ಡಿಗ್ರಿ ಕೈಗೆ ಬಂದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ನನಗೆ ಬೇಕಾಗಿದ್ದು ಅದು. ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಹೀಗಿತ್ತು: ಇನ್ನೊಂದು ಸಲ ಪ್ರಾಕ್ಟಿಕಲ್‌ಗೆ ಕೂರಬಹುದು. ಅದೂ ಹೋದರೆ ಕೆ.ಆರ್. ಪುರ. ಅಪ್ಪ ಇದನ್ನು ಪೇಪರ್ ಓದುತ್ತಲೇ ಹೇಳಿದರು. ಅಂದರೆ ಅವರಿಗೂ ನನ್ನ ಮುಖ ನೋಡಿ ಹೇಳಲು ಆಗಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ.

ಫೇಲಾಗಿದ್ದು ಯಾಕೆ ಎಂಬುದನ್ನು ಹೇಳಬೇಕು. ಪ್ರಾಕ್ಟಿಕಲ್‌ನಲ್ಲಿ ಹೆಚ್ಚು ಅಂಕವಿದ್ದ ಕೆಲಸಕ್ಕೆ ಸ್ಟ್ರೀಕಿಂಗ್ ಎನ್ನುತ್ತಾರೆ. ಟ್ಯೂಬಿನಲ್ಲಿ ಕಲೆಸಿಕೊಂಡಿರುವ ಬ್ಯಾಕ್ಟೀರಿಯಾಗಳನ್ನು ತುದಿ ಉಂಗುರದಂತೆ ಬಗ್ಗಿದ ತಂತಿಯಲ್ಲಿ, ಅಂದರೆ ಲೂಪಿನಲ್ಲಿ, ಸ್ವಲ್ಪವೇ ತೆಗೆದು, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗಾರ್ ಮೇಲೆ ಗೆರೆ ಎಳೆಯಬೇಕು. ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮೊದಲ ಗೆರೆಗಳ ಅಂಚಿನಿಂದ ಮತ್ತೆ ಎಳೆಯಬೇಕು. ಹೀಗೆ ತಟ್ಟೆಯ ನಾಲ್ಕೂ ಭಾಗಕ್ಕೆ ಹೋಗುವಷ್ಟರಲ್ಲಿ ಗುಂಪು ತೆಳುವಾಗಿ, ಕೊನೆಯ ಗೆರೆಯಲ್ಲಿ ಒಂದೊಂದೇ ಬ್ಯಾಕ್ಟೀರಿಯಾ ಉಳಿಯುತ್ತದೆ. ಮಾರನೆಯ ದಿನ ಅಲ್ಲಿ ಬಿಡಿಬಿಡಿ ಚುಕ್ಕೆಗಳು ಎದ್ದಿರಬೇಕು. ನನ್ನ ತಟ್ಟೆಯಲ್ಲಿ ಎದ್ದಿದ್ದು ಗೋಡೆಗೆ ಸುಣ್ಣ ಬಳಿದಂಥ ಒಂದು ಪಟ್ಟಿ, ಜೊತೆಗೆ ಗಾಳಿಯಿಂದ ಬಿದ್ದ ಹಸಿರು ಬೂಷ್ಟು. ತಂತಿ ಅಲ್ಲಲ್ಲಿ ಅಗಾರನ್ನು ಉತ್ತಿತ್ತು.

ನಾನು ಎಡಚಿ. ಚಿಕ್ಕವಳಿದ್ದಾಗ ಅಜ್ಜಿ ಹಳೆ ಸೀರೆಯ ಅಂಚಿನಲ್ಲಿ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಶಾಲೆಯಲ್ಲಿ ಆ ಕೈಗೆ ಸ್ಕೇಲಿನ ಏಟು. ಹಾಗಾಗಿ ಊಟ, ಬರವಣಿಗೆ, ಅಂಗಡಿಯಲ್ಲಿ ಕಾಸು ಕೊಡುವುದು ಎಲ್ಲ ಬಲಗೈಗೆ ಹೋಯಿತು. ಯಾರೂ ನೋಡದ ಕೆಲಸ ಎಡಗೈಯಲ್ಲಿ ಉಳಿಯಿತು: ಸೂಜಿಗೆ ದಾರ ಪೋಣಿಸುವುದು, ಮುಳ್ಳು ತೆಗೆಯುವುದು. ಲ್ಯಾಬಿನಲ್ಲಿ ಮೊದಲ ದಿನವೇ ನಾನು ತಂತಿಯನ್ನು ಎಡಗೈಯಲ್ಲಿ ಎತ್ತಿಕೊಂಡಾಗ ಮೇಡಂ ದೂರದಿಂದಲೇ "ರೈಟ್ ಹ್ಯಾಂಡ್" ಎಂದಿದ್ದರು. ಅಷ್ಟು ಹೇಳಿದರೆ ಸಾಕಿತ್ತು, ಅಭ್ಯಾಸವಾಗಿತ್ತಲ್ಲ. ಮೂರು ವರ್ಷ ಬಲಗೈಯಲ್ಲೇ ಮಾಡಿದೆ.

ರಿಪೀಟರುಗಳಿಗೆ ಲ್ಯಾಬು ಬಿಡುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ವಾರ ಒಂದು ದಿನ ಬಂದು ನೋಡಿ ಹೋಗಬಹುದು, ಅಷ್ಟೆ. ಆ ವರ್ಷ ನನ್ನ ಜೊತೆ ಇನ್ನೊಬ್ಬಳು ರಿಪೀಟರ್ ಇದ್ದಳು, ಹಲಸೂರಿನವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಬೈಯುವಾಗ ಎರಡೂ. ಅವಳು ಹೋಗಿದ್ದು ಗ್ರಾಂ ಸ್ಟೇನ್‌ನಲ್ಲಿ. ಬಣ್ಣ ಹಾಕಿದ ಗಾಜಿನ ಮೇಲೆ ಆಲ್ಕೋಹಾಲ್ ಸುರಿಯುತ್ತಲೇ ಇದ್ದು, ನೇರಳೆಯಾಗಿ ಉಳಿಯಬೇಕಾದ ಬ್ಯಾಕ್ಟೀರಿಯಾವನ್ನು ಗುಲಾಬಿ ಮಾಡಿದ್ದಳು.

"ಮನೇಲೇ ಲ್ಯಾಬ್ ಮಾಡೋಣ ಡೀ" ಎಂದು ಹೇಳಿದ್ದು ಅವಳು. "ಅಗಾರ್ ಅಂದ್ರೆ ಏನು? ಚೈನಾ ಗ್ರಾಸ್ ತಾನೆ? ರಂಜಾನ್ ಟೈಮಲ್ಲಿ ಶಿವಾಜಿನಗರ ತುಂಬಾ ಅದೇ."

ಅವಳು ಹೇಳಿದ್ದು ಸರಿ. ಸಮುದ್ರದ ಪಾಚಿಯಿಂದ ತೆಗೆದ ಅದೇ ವಸ್ತು ಕಾಲೇಜಿಗೆ ಬಾಟಲಿಯಲ್ಲಿ ಪುಡಿಯಾಗಿ ಬರುತ್ತಿತ್ತು, ಶಿವಾಜಿನಗರದ ಅಂಗಡಿಗಳಲ್ಲಿ ಬಿಳಿ ಎಳೆಗಳ ಕಟ್ಟಾಗಿ ನೇತಾಡುತ್ತಿತ್ತು. ಮಾರ್ಕೆಟ್ಟಿನ ಹಿಂದಿನ ಒಂದು ಅಂಗಡಿಯಲ್ಲಿ ಕೇಳಿದೆವು. ವಯಸ್ಸಾದ ಅಂಗಡಿಯವರು ಎಳೆಗಳನ್ನು ಕಾಗದದಲ್ಲಿ ಸುತ್ತುತ್ತಾ ಕೇಳಿದರು.

"ಹಾಲಿಗೆ ಹಾಕ್ತೀರಾ ಬೇಟಿ, ಎಳನೀರಿಗಾ?"

"ಬೇಳೆ ಕಟ್ಟಿಗೆ" ಎಂದೆ.

ಅವರ ಕೈ ನಿಂತಿತು. "ಬೇಳೆ ಕಟ್ಟಿಗೆ? ಯಾ ಅಲ್ಲಾ. ನಿಮ್ಮನೇಲಿ ಸಾರು ಚಾಕಲ್ಲಿ ಕುಯ್ದು ತಿಂತಾರಾ?"

"ಪರೀಕ್ಷೆಗೆ ಬಾಯ್" ಎಂದಳು ಹಲಸೂರಿನವಳು.

"ಇಂಥಾ ಪರೀಕ್ಷೆ ಪಾಸಾದ್ರೆ ಯಾರು ಮದ್ವೆ ಆಗ್ತಾರೆ?" ಎಂದು ನಗುತ್ತಾ ಒಂದು ಎಳೆ ಹೆಚ್ಚಿಗೆ ಹಾಕಿದರು.

ಬೇಳೆ ಕಟ್ಟು ಯಾಕೆಂದರೆ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಏನಾದರೂ ಬೇಕು. ತೊಗರಿಬೇಳೆ ಬೇಯಿಸಿದ ತಿಳಿನೀರಿಗೆ ಚಿಟಿಕೆ ಸಕ್ಕರೆ, ಚೈನಾ ಗ್ರಾಸ್. ಗಾಜಿನ ತಟ್ಟೆಯ ಬದಲು ಅಮ್ಮ ಮಸಾಲೆ ತುಂಬಿಡುವ ಚಿಕ್ಕ ಸ್ಟೀಲ್ ಡಬ್ಬಿಗಳು, ಮುಚ್ಚಳ ಬಿಗಿಯಾಗಿ ಕೂರುವಂಥವು. ಅವನ್ನು ಕುಕ್ಕರಿನಲ್ಲಿಟ್ಟು ವಿಶಲ್ ಮೇಲೆ ವಿಶಲ್ ಹಾಕಿಸಿದರೆ ಒಳಗಿನದೆಲ್ಲ ಸಾಯುತ್ತದೆ. ಕಾಲೇಜಿನ ಯಂತ್ರ ಮಾಡುವುದೂ ಅದನ್ನೇ. ಬಿತ್ತಲು ಹತ್ತಿಯ ಬಿರಡೆ ಹಾಕಿದ ಸೀಸೆಯಲ್ಲಿ ದೋಸೆ ಹಿಟ್ಟು; ರಾತ್ರಿ ಉಕ್ಕಿದ ಹಿಟ್ಟಿಗಿಂತ ಜೀವ ತುಂಬಿದ ಪದಾರ್ಥ ಮನೆಯಲ್ಲಿ ಬೇರೆ ಇರಲಿಲ್ಲ. ತಂತಿಯನ್ನು ತಿಪ್ಪಸಂದ್ರ ಮಾರ್ಕೆಟ್ ರಸ್ತೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಹೀಟರ್ ಕಾಯಿಲಿನಿಂದ ಕತ್ತರಿಸಿ ಕೊಟ್ಟರು. ಅಪ್ಪ ಅದನ್ನು ನೆಟ್ಟಗೆ ಮಾಡಿ, ತುದಿಯಲ್ಲಿ ಉಂಗುರ ಬಗ್ಗಿಸಿ, ಮರದ ಹಿಡಿ ಕೂರಿಸಿದರು. ಕಾಲೇಜಿನ ತಂತಿಗಿಂತ ಅದು ಚೆನ್ನಾಗಿತ್ತು.

ಅಮ್ಮನಿಗೆ ಕಷ್ಟವಾಯಿತು. "ಹುಳ ಸಾಯ್ಲಿ ಅಂತ ನಾನು ಪಾತ್ರೆ ಉಜ್ತೀನಿ, ನೀನು ಅದೇ ಪಾತ್ರೇಲಿ ಹುಳ ಸಾಕ್ತೀಯ" ಎಂದಳು. ಆದರೂ ಡಬ್ಬಿ ಕೊಟ್ಟಳು. ಒಂದು ಮಧ್ಯಾಹ್ನ ನಾನು ಹೆಪ್ಪಿಗಿಟ್ಟ ಡಬ್ಬಿಗಳಲ್ಲಿ ಒಂದರಿಂದ ತುಂಡು ತೆಗೆದು, ತಿಂಡಿ ಎಂದುಕೊಂಡು ಬಾಯಿಗೆ ಹಾಕಿಕೊಂಡು, "ಥೂ, ಇದಕ್ಕೆ ಏಲಕ್ಕಿ ಆದ್ರೂ ಹಾಕ್ಬಾರ್ದಾ" ಎಂದೂ ಹೇಳಿದಳು.

ವಾರಗಟ್ಟಲೆ ಬಲಗೈಯಲ್ಲಿ ಎಳೆದೆ. ಡಬ್ಬಿ ತೆರೆದರೆ ಅದೇ ಸುಣ್ಣದ ಪಟ್ಟಿ. ಒಂದು ಕೈಯ ಕಿರುಬೆರಳಿನಲ್ಲಿ ಸೀಸೆಯ ಹತ್ತಿಯ ಬಿರಡೆ ಕೀಳಬೇಕು, ಅದನ್ನು ಕೆಳಗಿಡದೆ ಬೆರಳಲ್ಲೇ ಹಿಡಿದು, ಅದೇ ಕೈಯ ತಂತಿಯನ್ನು ಸೀಸೆಯೊಳಗೆ ಇಳಿಸಬೇಕು. ನನ್ನ ಬಲಗೈ ಬಿರಡೆ ಹಿಡಿದರೆ ತಂತಿ ನಡುಗುತ್ತಿತ್ತು, ತಂತಿ ಹಿಡಿದರೆ ಬಿರಡೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಅಮ್ಮ ಗ್ಯಾಸಿನ ಬಲಗಡೆಯ ಒಲೆಯ ಮೇಲೆ ಸಾರಿಗಿಟ್ಟಿದ್ದಳು. ನಾನು ಎಡಗಡೆಯ ಒಲೆ ಹಚ್ಚಿಕೊಂಡೆ. ತಂತಿ ಕಾಯಿಸಿದೆ, ಬಿರಡೆ ಕಿತ್ತೆ, ಅದ್ದಿದೆ, ಎಳೆದೆ, ಮುಚ್ಚಿದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದಳು.

"ಇವತ್ತೇನು ಬೈಕೊಳ್ದೆ ಮಾಡ್ಬಿಟ್ಟೆ?"

ಆಗ ನೋಡಿಕೊಂಡೆ. ತಂತಿ ಎಡಗೈಯಲ್ಲಿತ್ತು. ಬೆಂಕಿ ಎಡಕ್ಕೆ ಬಂದಿದ್ದಕ್ಕೆ ಕೈ ತಾನಾಗಿಯೇ ಬದಲಾಗಿತ್ತು.

ಒಂದು ಸಲ ಸರಿಯಾಗಿದ್ದನ್ನು ನಂಬುವಂತಿಲ್ಲ ಎಂದುಕೊಂಡೆ. ಅದೇ ದಿನ ಅದೇ ಹಿಟ್ಟಿನಿಂದ ಎರಡು ಡಬ್ಬಿ ಎಳೆದೆ. ಒಂದರ ಮುಚ್ಚಳಕ್ಕೆ 'ಎ' ಎಂದು ಚೀಟಿ ಅಂಟಿಸಿದೆ, ಇನ್ನೊಂದಕ್ಕೆ 'ಬ'. ಬಲದ್ದಕ್ಕೆ ಬಲಗಡೆಯ ಒಲೆ, ಎಡದ್ದಕ್ಕೆ ಎಡಗಡೆಯದು. ಬೆಚ್ಚಗಿರಲಿ ಎಂದು ಎರಡನ್ನೂ ಟಿ.ವಿ. ಮೇಲಿಟ್ಟೆ. ಎರಡನೆಯ ದಿನ ತೆರೆದಾಗ 'ಬ' ಡಬ್ಬಿಯಲ್ಲಿ ಪಟ್ಟಿ. 'ಎ' ಡಬ್ಬಿಯ ಕೊನೆಯ ಗೆರೆಯಲ್ಲಿ ಸಾಬಕ್ಕಿ ಚೆಲ್ಲಿದಂತೆ ದುಂಡಗಿನ, ಬಿಡಿಬಿಡಿಯಾದ, ಹೊಳೆಯುವ ಚುಕ್ಕೆಗಳು. ಮತ್ತೆ ಮಾಡಿದೆ. ಮತ್ತೆ ಅದೇ ಬಂತು.

ಎರಡು ಡಬ್ಬಿಯನ್ನೂ ಊಟದ ಚೀಲಕ್ಕೆ ಹಾಕಿಕೊಂಡು ಶಿವಾಜಿನಗರದ ಬಸ್ಸು ಹತ್ತಿ, ಕಂಟೋನ್ಮೆಂಟಿನಲ್ಲಿದ್ದ ನಮ್ಮ ಕಾಲೇಜಿಗೆ ಹೋದೆ. ಮೇಡಂ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಿದ್ದರು. ನಾನು ಡಬ್ಬಿಗಳನ್ನು ಮೇಜಿನ ಮೇಲಿಟ್ಟಾಗ ಪಕ್ಕದಲ್ಲಿದ್ದ ಕೆಮಿಸ್ಟ್ರಿಯವರು "ಓ, ಏನ್ ತಂದಿದೀಯಮ್ಮಾ" ಎನ್ನುತ್ತಾ ಮುಚ್ಚಳ ತೆಗೆದರು. ವಾಸನೆ ಬಂದ ಮೇಲೆ ತಮ್ಮ ತಟ್ಟೆ ಎತ್ತಿಕೊಂಡು ಆಚೆ ಮೇಜಿಗೆ ಹೋದರು.

ಮೇಡಂ ಮಾತ್ರ 'ಎ' ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದರು. "ಐಸೋಲೇಶನ್ ಚೆನ್ನಾಗಿದೆ, ಎಲ್ಲಾ ಬಿಡಿಬಿಡಿಯಾಗಿ ಬಂದಿದೆ. ಯಾರು ಮಾಡಿದ್ದು?"

"ನಾನೇ ಮೇಡಂ. ಎಡಗೈಲಿ."

ಅವರು ಡಬ್ಬಿ ಕೆಳಗಿಟ್ಟರು. "ನೋಡು, ಮ್ಯಾನ್ಯುಯಲ್‌ನಲ್ಲಿ ಏನಿದೆ? ಹೋಲ್ಡ್ ದ ಲೂಪ್ ಇನ್ ದ ರೈಟ್ ಹ್ಯಾಂಡ್."

"ಅದನ್ನ ಬರ್ದೋರು ಬಲಗೈಯೋರು ಮೇಡಂ."

"ಮಾತು ಬೇಡ. ಲ್ಯಾಬಲ್ಲಿ ಬರ್ನರ್ ಎಲ್ಲಾ ಬಲಕ್ಕಿರೋದು. ನೀನು ಎಡಗೈಲಿ ಲೂಪ್ ಹಿಡ್ಕೊಂಡು ಆ ಕಡೆ ಬೆಂಕಿಗೆ ಕೈ ಚಾಚಿದ್ರೆ, ಕೈ ತೆರೆದಿರೋ ಪ್ಲೇಟ್ ಮೇಲೇನೇ ಹೋಗತ್ತೆ. ತೋಳಿನ ಧೂಳೆಲ್ಲಾ ಅದ್ರೊಳಗೆ. ಎಕ್ಸ್‌ಟರ್ನಲ್ ನೋಡಿದ ತಕ್ಷಣ ಸೊನ್ನೆ ಹಾಕ್ತಾರೆ. ಆಮೇಲೆ ನನ್ ಹತ್ರ ಅಳ್ಬೇಡ."

ಬರ್ನರಿನ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು. ಅದನ್ನು ಒಪ್ಪಿಕೊಂಡೆ. ಕೈಯ ವಿಷಯ ಒಪ್ಪಿಕೊಳ್ಳಲಿಲ್ಲ.

ಪರೀಕ್ಷೆಯ ಹಿಂದಿನ ವಾರ ಲ್ಯಾಬಿಗೆ ಬಿಟ್ಟ ದಿನ ಉಳಿದವರು ಸ್ಲೈಡು ನೋಡುತ್ತಿದ್ದರು, ನಾನು ಮೇಜು ನೋಡುತ್ತಿದ್ದೆ. ಗ್ಯಾಸಿನ ನಲ್ಲಿ ಮೇಜಿನ ನಡುವೆ, ಪ್ರತಿ ಸೀಟಿನ ಬಲಕ್ಕೆ. ರಬ್ಬರ್ ಟ್ಯೂಬು ಗಿಡ್ಡ. ಎಳೆದರೂ ಬರ್ನರ್ ಎಡಕ್ಕೆ ಬರುವುದಿಲ್ಲ. ಅವು ಒಂದು ಕಾಲದಲ್ಲಿ ಜೀವಶಾಸ್ತ್ರದವರು ಕಪ್ಪೆ ಕೊಯ್ಯುತ್ತಿದ್ದ ಮೇಜುಗಳು. ನಡುವೆ ಬಾಟಲಿ ಇಡುವ ಗೂಡು ಇರಲಿಲ್ಲ, ಎರಡು ಬದಿಯೂ ಬಯಲು. ವಿದ್ಯಾರ್ಥಿಗಳು ನಿಲ್ಲುವುದು ಒಂದು ಬದಿ, ಎಲ್ಲರ ಮುಖ ಬೋರ್ಡಿನ ಕಡೆ. ಎದುರು ಬದಿ ಮೇಷ್ಟ್ರುಗಳು ಓಡಾಡುವ ದಾರಿ.

ನಾನು ಸುತ್ತು ಹಾಕಿ ಆ ದಾರಿಯಲ್ಲಿ ನಿಂತೆ. ಬರ್ನರ್ ನನ್ನ ಎಡಕ್ಕೆ ಬಂತು.

"ಏನ್ ಗುರು, ಇನ್ವಿಜಿಲೇಟರ್ ಥರ ನಿಂತಿದೀಯ?" ಎಂದಳು ಹಲಸೂರಿನವಳು.

"ಪರೀಕ್ಷೆ ದಿನಾನೂ ಇಲ್ಲೇ ನಿಲ್ತೀನಿ."

ಅವಳು ಬರ್ನರ್ ನೋಡಿ, ನನ್ನ ಎಡಗೈ ನೋಡಿ, ದನಿ ಇಳಿಸಿದಳು. "ಬೇಡ ಡೀ. ಇದೊಂದ್ಸಲ ಬಲಗೈಲಿ ಹೆಂಗೋ ತಳ್ಬಿಡು. ಪಾಸಾದ್ಮೇಲೆ ಕಾಲಲ್ಲಿ ಬೇಕಾದ್ರೂ ಮಾಡ್ಕೋ."

"ಬಲಗೈಲಿ ತಳ್ಳಿದ್ದಕ್ಕೇ ಅಲ್ವಾ ಇಲ್ಲಿ ಇರೋದು."

ಪರೀಕ್ಷೆ ಎರಡು ದಿನದ್ದು. ಮೊದಲ ದಿನ ಎಳೆಯುವುದು, ಮಾರನೆಯ ದಿನ ಬೆಳೆದದ್ದನ್ನು ತೋರಿಸುವುದು. ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಬೇರೆ ಊರಿನ ಕಾಲೇಜಿನವರು, ಇಸ್ತ್ರಿ ಹಾಕಿದ ಬಿಳಿ ಕೋಟು, ಮೆತ್ತಗಿನ ದನಿ. ಗಂಟೆ ಬಾರಿಸಿದ ಮೇಲೆ ನಾನು ನನ್ನ ತಟ್ಟೆ, ಟ್ಯೂಬು, ತಂತಿ ಎಲ್ಲವನ್ನೂ ಮೇಜಿನ ಆಚೆ ಅಂಚಿಗೆ ಸರಿಸಿ, ಸುತ್ತು ಹಾಕಿ ಎದುರು ಬದಿಗೆ ಹೋಗಿ ನಿಂತೆ. ಇಡೀ ಲ್ಯಾಬಿನ ಮುಖ ಬೋರ್ಡಿನ ಕಡೆ, ನನ್ನ ಮುಖ ಇಡೀ ಲ್ಯಾಬಿನ ಕಡೆ. ಎಲ್ಲರೂ ನೋಡುತ್ತಿದ್ದರು. ಇನ್ನೊಬ್ಬರ ಜಾಗಕ್ಕೆ ನಾನು ಹೋಗಿರಲಿಲ್ಲ, ನನ್ನ ಮೇಜಿನ ನನ್ನ ಪಾಲಿನಲ್ಲೇ ಇದ್ದೆ. ಹಾಗಾಗಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಎಕ್ಸ್‌ಟರ್ನಲ್ ಬಂದರು. "ಏನಮ್ಮಾ, ನಿನ್ನ ಜಾಗ ಆ ಕಡೆ ಅಲ್ವಾ?"

"ಹೌದು ಸರ್. ಬರ್ನರ್ ನನಗೆ ಎಡಕ್ಕೆ ಬೇಕು. ಗ್ಯಾಸ್ ಟ್ಯೂಬ್ ಎಟುಕಲ್ಲ, ಅದಕ್ಕೆ ನಾನೇ ಬಂದೆ."

"ಎಡಕ್ಕೆ ಯಾಕೆ?"

"ಎಡಗೈಲಿ ಮಾಡ್ತೀನಿ ಸರ್."

ಅವರು ಮೇಡಂ ಕಡೆ ತಿರುಗಿದರು. "ಹೀಗೆ ಕಲಿಸಿದೀರಾ?"

"ಇಲ್ಲ ಸರ್. ಬೇಡ ಅಂತ ಹೇಳಿದೀನಿ" ಎಂದರು ಮೇಡಂ.

"ಬಲಗೈಲಿ ಮಾಡಮ್ಮ. ಪದ್ಧತಿ ಅಂತ ಒಂದಿರತ್ತೆ."

"ಹೋದ್ಸಲ ಪದ್ಧತಿ ಪ್ರಕಾರ ಮಾಡಿ ಫೇಲಾದೆ ಸರ್. ಈ ಸಲ ನಾಳೆ ಪ್ಲೇಟ್ ನೋಡಿ ಮಾರ್ಕ್ಸ್ ಹಾಕಿ."

"ಪ್ಲೇಟಲ್ಲಿ ಏನೂ ಬರ್ಲಿಲ್ಲ ಅಂದ್ರೆ?"

"ಏನೂ ಬರ್ಲಿಲ್ಲ ಅಂತ ಬರ್ಕೊಳ್ಳಿ ಸರ್."

ನನ್ನ ದನಿ ಗಟ್ಟಿಯಾಗಿತ್ತು ಎಂದು ಹಲಸೂರಿನವಳು ಆಮೇಲೆ ಹೇಳಿದಳು, ಆದರೆ ಅವಳು ನನ್ನ ಕಡೆಯವಳು. ಎಕ್ಸ್‌ಟರ್ನಲ್ ಮುಂದೆ ಹೋಗಲಿಲ್ಲ. ಕೈಕಟ್ಟಿ ಅಲ್ಲೇ ನಿಂತರು. ನಾನು ತಂತಿಯನ್ನು ನೀಲಿ ಜ್ವಾಲೆಗೆ ಹಿಡಿದೆ. ಕೆಂಪಾಯಿತು. ಎಡಗೈಯ ಕಿರುಬೆರಳಿನಲ್ಲಿ ಟ್ಯೂಬಿನ ಹತ್ತಿ ಕಿತ್ತೆ. ಅದು ಬೆರಳಲ್ಲೇ ನಿಂತಿತು. ಟ್ಯೂಬಿನ ಬಾಯಿ ಬೆಂಕಿಗೆ ತೋರಿಸಿದೆ, ಅದ್ದಿದೆ, ಮತ್ತೆ ತೋರಿಸಿ ಮುಚ್ಚಿದೆ. ಬಲಗೈಯಲ್ಲಿ ತಟ್ಟೆಯ ಮುಚ್ಚಳವನ್ನು ತಂತಿ ತೂರುವಷ್ಟೇ ಎತ್ತಿ ಎಳೆದೆ. ಬೆಂಕಿಗೆ ಹೋಗಿ ಬರುವಾಗ ಕೈ ಒಮ್ಮೆಯೂ ತಟ್ಟೆಯ ಮೇಲೆ ಹಾಯಲಿಲ್ಲ. ಎಕ್ಸ್‌ಟರ್ನಲ್ ಅದನ್ನೇ ನೋಡುತ್ತಿದ್ದರು ಎಂದು ಅವರ ಕಣ್ಣಿನಿಂದ ತಿಳಿಯುತ್ತಿತ್ತು. ಎದುರಿಗೆ ಹಲಸೂರಿನವಳು ತನ್ನ ಗಾಜಿನ ಮೇಲೆ ಆಲ್ಕೋಹಾಲನ್ನು ಹನಿ ಹನಿಯಾಗಿ ಬಿಡುತ್ತಾ, ಹನಿ ನಿಂತ ತಕ್ಷಣ ನೀರು ಹಾಕಿ, ನನಗೆ ಹುಬ್ಬು ಹಾರಿಸಿದಳು.

ಆ ದಿನ ಮನೆಗೆ ಬಂದಾಗ ಅಮ್ಮ ಡಬ್ಬಿಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬಿಸಿಲಿಗಿಟ್ಟಿದ್ದಳು. ಮತ್ತೆ ಮಸಾಲೆ ತುಂಬುವ ಧೈರ್ಯ ಅವಳಿಗೆ ಬಂದಿದ್ದು ಎಷ್ಟೋ ತಿಂಗಳ ಮೇಲೆ.

ಮಾರನೆಯ ದಿನ ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಮಗುಚಿ ಇಟ್ಟಿದ್ದರು. ನನ್ನ ನಂಬರಿನದನ್ನು ಎತ್ತಿ ತಿರುಗಿಸಿದೆ. ಮೊದಲ ಭಾಗ ದಟ್ಟ, ಎರಡನೆಯದು ತೆಳು, ಮೂರನೆಯದು ಇನ್ನೂ ತೆಳು. ಕೊನೆಯ ಗೆರೆಯಲ್ಲಿ ಚುಕ್ಕೆಗಳು, ಒಂದಕ್ಕೊಂದು ತಾಗದೆ. ಬೂಷ್ಟು ಇರಲಿಲ್ಲ.

ಎಕ್ಸ್‌ಟರ್ನಲ್ ಅದನ್ನು ಕಿಟಕಿಗೆ ಹಿಡಿದು ನೋಡಿದರು. ಮೇಡಂ ಕೂಡ ನೋಡಿದರು. ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ ಮೊದಲ ಪ್ರಶ್ನೆ, ಎಡಗೈಯವರಿಗೆ ಬೆಂಕಿ ಎಡಕ್ಕೇ ಯಾಕೆ ಇರಬೇಕು. ಉತ್ತರವನ್ನು ನನಗೆ ಮೇಡಂ ಅವರೇ ಸ್ಟಾಫ್ ರೂಮಿನಲ್ಲಿ ಕೊಟ್ಟಿದ್ದರು. ಅದನ್ನೇ ಹೇಳಿದೆ. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು.

ನಾನು ಹೊರಡುವಾಗ ಎಕ್ಸ್‌ಟರ್ನಲ್ ಮೇಡಂಗೆ ಹೇಳಿದ್ದು ಕೇಳಿಸಿತು: "ರಿಸಲ್ಟ್‌ಗೆ ಪೂರ್ತಿ ಕೊಡಿ. ಟೆಕ್ನಿಕ್‌ಗೆ ಕಟ್ ಮಾಡಿ, ಪುಸ್ತಕದ ಪ್ರಕಾರ ಇಲ್ಲ." ತಟ್ಟೆ ಸರಿ, ತಟ್ಟೆ ಮಾಡಿದ ಕೈ ತಪ್ಪು. ತಿರುಗಿ ಹೋಗಿ ಕೇಳೋಣ ಎನಿಸಿತು. ಕೇಳಲಿಲ್ಲ. ಕತ್ತರಿಸಿದ ಮೇಲೂ ಉಳಿಯುವುದು ಪಾಸಿಗೆ ಸಾಕೆಂದು ನನಗೆ ಗೊತ್ತಿತ್ತು, ನನಗೆ ಬೇಕಾಗಿದ್ದು ಪಾಸು. ಹಾಗೆಯೇ ಆಯಿತು. ಹಲಸೂರಿನವಳು ನನಗಿಂತ ಚೆನ್ನಾಗಿ ಪಾಸಾದಳು. ಅವಳ ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿದಿತ್ತು.

ಫಲಿತಾಂಶ ಬಂದ ದಿನ ಅಮ್ಮ ಪೇಡದ ಡಬ್ಬ ಕೊಟ್ಟು, ದೊಡ್ಡಪ್ಪನಿಗೆ ನೀನೇ ಹೋಗಿ ಹೇಳು ಎಂದಳು. ಕೆ.ಆರ್. ಪುರಕ್ಕೆ ಹೋದೆ. ಅಂಗಡಿಯ ಮುಂದೆ ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ದೊಡ್ಡಪ್ಪ ಗಲ್ಲಾದಲ್ಲಿ ಕೂತಿದ್ದರು, ಪಕ್ಕದಲ್ಲಿ ದಿಂಬು ಹಾಕಿದ ಕುರ್ಚಿ.

"ಪಾಸಾದೆ ದೊಡ್ಡಪ್ಪ. ಇಂದಿರಾನಗರದ ಲ್ಯಾಬಿನವರು ಸೋಮವಾರದಿಂದ ಬಾ ಅಂದಿದಾರೆ." ಒಂದು ಪೇಡ ತೆಗೆದು ಎಡಗೈಯಲ್ಲಿ ಚಾಚಿದೆ.

ಅವರು ಕೈ ಮುಂದೆ ತಂದವರು ಹಿಂದಕ್ಕೆ ತೆಗೆದುಕೊಂಡರು. "ಒಳ್ಳೇ ಸುದ್ದಿ. ಬಲಗೈಲಿ ಕೊಡಮ್ಮ."

"ಬಲಗೈ ಫೇಲಾಗಿರೋದು ದೊಡ್ಡಪ್ಪ. ಪಾಸಾಗಿದ್ದು ಇದೇ."

"ಎಷ್ಟ್ ಓದಿದ್ರೂ ಹಟ ಮಾತ್ರ ಹೋಗ್ಲಿಲ್ಲ ನಿಂಗೆ."

ನಾನು ಕೈ ತೆಗೆಯಲಿಲ್ಲ. ಅವರೂ ತೆಗೆದುಕೊಳ್ಳಲಿಲ್ಲ. ಮೂಟೆ ಹೊತ್ತವರು ನಮ್ಮ ನಡುವೆ ಎರಡು ಸಲ ಹಾದುಹೋದರು. ಪೇಡದ ಮೇಲೆ ಸಿಮೆಂಟಿನ ಧೂಳು ಕೂರುತ್ತಿತ್ತು.

ಅಷ್ಟರಲ್ಲಿ ಫೋನು ಬಂತು. ದೊಡ್ಡಪ್ಪ ಬಲಗೈಯಲ್ಲಿ ರಿಸೀವರ್ ಎತ್ತಿ ಕಿವಿಗೆ ಹಿಡಿದರು. "ಹೇಳಿ ಸಾರ್... ಹ್ಞೂಂ, ಲೋಡ್ ಈಗ್ತಾನೆ ಬಂತು... ಸಂಜೆಯೊಳಗೆ ಕಳಿಸ್ತೀನಿ, ಮೇಸ್ತ್ರಿನ ಸೈಟಲ್ಲೇ ಇರಕ್ಕೆ ಹೇಳಿ..." ಮಾತಾಡುತ್ತಲೇ ಅವರ ಎಡಗೈ ಗಲ್ಲಾದ ಮೇಲಿಂದ ಬಂದು, ನನ್ನ ಎಡಗೈಯಿಂದ ಪೇಡ ತೆಗೆದುಕೊಂಡು, ಬಾಯಿಗೆ ಹಾಕಿಕೊಂಡಿತು. ಅವರ ಕಣ್ಣು ಲಾರಿಯ ಮೇಲಿತ್ತು.

ನಾನು ಡಬ್ಬವನ್ನು ಖಾಲಿ ಕುರ್ಚಿಯ ದಿಂಬಿನ ಮೇಲಿಟ್ಟು ಬಸ್‌ಸ್ಟಾಪಿನ ಕಡೆ ಹೊರಟೆ. ಅವರು ಇನ್ನೂ ಫೋನಿನಲ್ಲೇ ಇದ್ದರು. ಡಬ್ಬದ ಕಡೆ ಕೈ ಚಾಚಿ ಇನ್ನೊಂದು ಪೇಡ ತಡಕುತ್ತಿದ್ದರು.